ಬಡಗಿಯೊಬ್ಬನ ಜೀವನವೃತ್ತ: ಪ್ಲಿಮತ್ ದಾಖಲೆಗಳಲ್ಲಿ ಫ್ರಾನ್ಸಿಸ್ ಈಟನ್

ತಮ್ಮ ವಂಶದ ಮೂಲಪುರುಷನನ್ನು ಅರಸಿ ಹೊರಟವರು ಸಾಮಾನ್ಯವಾಗಿ ಅರಸನನ್ನೋ ದಂಡನಾಯಕನನ್ನೋ ಮಹಾಪಂಡಿತನನ್ನೋ ಕಾಣಬಯಸುತ್ತಾರೆ. ಹುಡುಕಿದ ಕೊನೆಗೆ ಕೈಕೆಲಸದಿಂದ ಹೊಟ್ಟೆ ಹೊರೆದವನೊಬ್ಬನು ದೊರೆತರೆ ಅವನಿಗೊಂದು ಬಿರುದನ್ನೋ ಸಾಹಸವನ್ನೋ ಕಲ್ಪಿಸಿಕೊಟ್ಟಲ್ಲದೆ ಸಮಾಧಾನ ಪಡುವುದಿಲ್ಲ. ವಂಶಾವಳಿಗಳಲ್ಲಿ ಕಥೆಯ ಅಂಶ ಬೆಳೆಯುವುದೇ ಹೀಗೆ. ಆದರೆ ದಾಖಲೆಗಳಿಗೆ ಇಂತಹ ದಾಕ್ಷಿಣ್ಯವಿಲ್ಲ. ಹುಟ್ಟು, ಮದುವೆ, ಭೂಮಿ, ಸಾಲ, ಸಾವು ಇಷ್ಟನ್ನು ಬರೆದಿಟ್ಟು ಅವು ಸುಮ್ಮನಾಗುತ್ತವೆ. ಆ ಒಣ ಬರಹದಿಂದಲೇ ಒಬ್ಬ ದುಡಿಮೆಗಾರನ ಬದುಕನ್ನು ಎಷ್ಟರಮಟ್ಟಿಗೆ ತಿಳಿಯಲು ಸಾಧ್ಯ, ಎಲ್ಲಿ ನಮ್ಮ ಊಹೆಯನ್ನು ನಿಲ್ಲಿಸಬೇಕು ಎಂಬುದನ್ನು ಒಂದು ನಿದರ್ಶನದ ಮೂಲಕ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ನಿದರ್ಶನವಾಗಿ ಆರಿಸಿಕೊಂಡವನು ಫ್ರಾನ್ಸಿಸ್ ಈಟನ್ ಎಂಬ ಬಡಗಿ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕೆಯ ಈಶಾನ್ಯ ತೀರಕ್ಕೆ ವಲಸೆ ಹೋದ 102 ಮಂದಿ ಪ್ರಯಾಣಿಕರಲ್ಲಿ ಈತನೂ ಒಬ್ಬ. ಆ ಹಡಗಿನ ಪ್ರಯಾಣಿಕರ ವಂಶಜರು 1897ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡಿದ್ದಾರೆ; ತಮ್ಮ ಪೂರ್ವಿಕನು ಆ ಹಡಗಿನಲ್ಲಿದ್ದನೆಂಬುದನ್ನು ತಲೆಮಾರು ತಲೆಮಾರಿಗೂ ದಾಖಲೆಯಿಂದ ಸಿದ್ಧಪಡಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶ. ವಂಶಾಭಿಮಾನದಿಂದ ಹುಟ್ಟಿದ ಈ ಕಟ್ಟುಪಾಡಿನ ಫಲವಾಗಿ ಬಡಗಿಯ ಬದುಕಿನ ಒಂದೊಂದು ಚೂರು ಬರಹವೂ ಶೋಧನೆಗೆ ಒಳಗಾಯಿತು. ಅಭಿಮಾನವು ಆರಂಭಿಸಿದ ಕೆಲಸವನ್ನು ಪ್ರಮಾಣಶೋಧವು ಮುಂದುವರಿಸಿದ್ದು ಇಲ್ಲಿ ಗಮನಾರ್ಹವಾದ ಸಂಗತಿ.

ಈಟನ್ ತನ್ನ ಕುರಿತಾಗಿ ಏನನ್ನೂ ಬರೆದಿಟ್ಟವನಲ್ಲ. ಅವನನ್ನು ತಿಳಿಯಲು ನಮಗಿರುವ ಸಾಧನಗಳೆಂದರೆ ಇಂಗ್ಲೆಂಡಿನ ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಬ್ರಿಸ್ಟಲ್ ನಗರದ ಶಿಷ್ಯವೃತ್ತಿಯ ದಾಖಲೆ, ಪ್ಲಿಮತ್ ವಸಾಹತಿನ ಭೂಮಿ ಮತ್ತು ದನಗಳ ಹಂಚಿಕೆಯ ಪಟ್ಟಿಗಳು, ಕ್ರಯಪತ್ರಗಳು, ನ್ಯಾಯಸಭೆಯ ನಡಾವಳಿ, ಮರಣಾನಂತರ ಮಾಡಿದ ಆಸ್ತಿಯ ಪಟ್ಟಿ ಮತ್ತು ವಸಾಹತಿನ ಗವರ್ನರನಾಗಿದ್ದ ವಿಲಿಯಂ ಬ್ರಾಡ್‌ಫರ್ಡನ ಹಸ್ತಪ್ರತಿ. ಇವುಗಳಲ್ಲಿ ಒಂದಾದರೂ ಈಟನ್‌ನ ಚರಿತ್ರೆಯನ್ನು ಬರೆಯುವ ಸಂಕಲ್ಪದಿಂದ ಹುಟ್ಟಿದ್ದಲ್ಲ. ಆದ್ದರಿಂದಲೇ ಅವುಗಳ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆಯುಂಟು.

ಮೊದಲನೆಯದು ಹುಟ್ಟಿದ ಊರಿನ ಪ್ರಶ್ನೆ. ಇಂಗ್ಲೆಂಡಿನಲ್ಲಿ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಂತೆ ಪ್ರತಿಯೊಂದು ಚರ್ಚೂ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬಂದಿತು. ಬಡವ ಬಲ್ಲಿದರೆನ್ನದೆ ಎಲ್ಲರ ಹೆಸರೂ ಬರಹಕ್ಕೆ ಇಳಿದದ್ದು ಈ ಆಜ್ಞೆಯಿಂದ. ಬ್ರಿಸ್ಟಲ್ ನಗರದ ಸೇಂಟ್ ಥಾಮಸ್ ಚರ್ಚಿನ ಪುಸ್ತಕದಲ್ಲಿ 1596ರ ಸೆಪ್ಟೆಂಬರ್ 11ರಂದು ಫ್ರಾನ್ಸಿಸ್ ಈಟನ್ ಎಂಬ ಶಿಶುವಿಗೆ ದೀಕ್ಷಾಸ್ನಾನವಾದುದು ದಾಖಲಾಗಿದೆ. ತಂದೆ ಜಾನ್ ಈಟನ್, ತಾಯಿ ಡಾರತಿ. ಈ ಶಿಶುವೇ ಮುಂದೆ ಮೇಫ್ಲವರ್ ಏರಿದ ಬಡಗಿಯೆಂಬುದನ್ನು ವಿದ್ವಾಂಸರು ಆಧಾರಸಹಿತವಾಗಿ ಪ್ರಕಟಿಸಿದ್ದು 1997ರಲ್ಲಿ, ಅಂದರೆ ನಾಲ್ಕು ಶತಮಾನಗಳು ಕಳೆದ ಮೇಲೆ. ಅದಕ್ಕೆ ಮುಂಚೆ ಬೇರೆ ಬೇರೆ ಊರುಗಳ ಈಟನ್ ಮನೆತನಗಳಿಗೆ ಇವನನ್ನು ಅಂಟಿಸುವ ಯತ್ನಗಳು ನಡೆದಿದ್ದುವು. ಹೆಸರೊಂದು ಹೋಲಿದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದು ನಿರ್ಣಯಿಸಬಾರದೆಂಬುದು ವಂಶಶೋಧನೆಯ ಮೊದಲ ಪಾಠ. ಬ್ರಿಸ್ಟಲ್ಲಿನ ಶಿಶುವಿಗೂ ಪ್ಲಿಮತ್ತಿನ ಬಡಗಿಗೂ ನಡುವಣ ಸೇತುವೆಯಾಗಿ ಇನ್ನೊಂದು ದಾಖಲೆಯ ಬೆಂಬಲ ಬೇಕಾಯಿತು. ಅದನ್ನು ಮುಂದೆ ನೋಡೋಣ.

1620ರ ನವೆಂಬರ್ 11ರಂದು ಹಡಗು ಕೇಪ್ ಕಾಡ್ ಎಂಬಲ್ಲಿ ಲಂಗರು ಹಾಕಿದಾಗ 41 ಮಂದಿ ಗಂಡಸರು ಒಂದು ಒಡಂಬಡಿಕೆಗೆ ಸಹಿ ಮಾಡಿದರು. ತಾವೆಲ್ಲರೂ ಒಂದು ಸಮಾಜವಾಗಿ ಕೂಡಿಕೊಂಡು, ಸಮಾನವಾದ ನ್ಯಾಯಕ್ಕೆ ಬದ್ಧರಾಗಿ ನಡೆಯುವುದು ಅದರ ತಾತ್ಪರ್ಯ. ಆ ಹೆಸರುಗಳಲ್ಲಿ ಈಟನ್‌ನ ಹೆಸರೂ ಇದೆ. ಆದರೆ ಮೂಲಪತ್ರ ಇಂದು ಉಳಿದಿಲ್ಲ. 1622ರಲ್ಲಿ ಅಚ್ಚಾದ ಅದರ ಪಾಠದಲ್ಲಿ ಸಹಿಗಳಿಲ್ಲ. ಹೆಸರುಗಳ ಪಟ್ಟಿ ಮೊದಲು ಪ್ರಕಟವಾದದ್ದು 1669ರಲ್ಲಿ, ನತಾನಿಯೆಲ್ ಮಾರ್ಟನ್ನನ ಗ್ರಂಥದಲ್ಲಿ. ಆದ್ದರಿಂದ ಬಡಗಿಯು ಅಕ್ಷರ ಬಲ್ಲವನಾಗಿ ತನ್ನ ಹೆಸರನ್ನೇ ಬರೆದನೋ ಅಥವಾ ಗುರುತು ಹಾಕಿದನೋ ಎಂಬುದನ್ನು ಈ ಪಟ್ಟಿಯಿಂದ ನಿರ್ಧರಿಸಲು ಬರುವುದಿಲ್ಲ. ಪ್ರತಿಯ ಪ್ರತಿಯನ್ನು ಮೂಲವೆಂದು ಭ್ರಮಿಸಬಾರದೆಂಬುದನ್ನು ತಾಳೆಗರಿಗಳ ಪಾಠಾಂತರಗಳೊಡನೆ ಒಡನಾಡಿದ ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಪ್ರಯಾಣದ ನಡುವೆ ಬಿರುಗಾಳಿಗೆ ಸಿಕ್ಕಿ ಹಡಗಿನ ಮುಖ್ಯ ತೊಲೆಯೊಂದು ಬಾಗಿ ಸೀಳಿತು. ಪ್ರಯಾಣಿಕರು ಹಾಲೆಂಡಿನಿಂದ ತಂದಿದ್ದ ದೊಡ್ಡದೊಂದು ಕಬ್ಬಿಣದ ತಿರುಪಿನಿಂದ ಅದನ್ನು ಮೇಲೆತ್ತಿ, ಕೆಳಗೆ ಕಂಬ ಕೊಟ್ಟು ನಿಲ್ಲಿಸಿದರೆಂದು ಬ್ರಾಡ್‌ಫರ್ಡ್ ತಿಳಿಸುತ್ತಾನೆ. ಈ ಸಾಹಸ ಈಟನ್‌ನದೇ ಇರಬೇಕೆಂದು ಹೇಳಲು ವಂಶಜರ ನಾಲಿಗೆ ತವಕಿಸುವುದು ಸಹಜ. ಆದರೆ ಬ್ರಾಡ್‌ಫರ್ಡ್ ಅಲ್ಲಿ ಹೇಳಿರುವುದು ಹಡಗಿನ ಬಡಗಿಯನ್ನೂ ನಾವಿಕನನ್ನೂ ಕುರಿತು. ಹಡಗಿನ ಸಿಬ್ಬಂದಿಗೆ ಸೇರಿದ ಬಡಗಿ ಬೇರೆ, ಪ್ರಯಾಣಿಕನಾದ ಬಡಗಿ ಬೇರೆ. ಇಲ್ಲಿ ಊಹೆಗೆ ಕಡಿವಾಣ ಹಾಕಲೇಬೇಕು.

ಬ್ರಾಡ್‌ಫರ್ಡನ ಪಟ್ಟಿಯ ಪ್ರಕಾರ ಈಟನ್‌ನೊಡನೆ ಬಂದವರು ಹೆಂಡತಿ ಸಾರಾ ಮತ್ತು ಮೊಲೆಹಾಲು ಬಿಡದ ಮಗು ಸ್ಯಾಮ್ಯುಯೆಲ್. ಆ ಚಳಿಗಾಲದಲ್ಲಿ ರೋಗ ಮತ್ತು ಕೊರತೆಗಳಿಂದ ಬಂದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ಮಡಿದರು. ಸಾರಾ ಆ ಸಾಮೂಹಿಕ ರೋಗಕ್ಕೆ ಬಲಿಯಾದಳು, ಹಸುಗೂಸು ಉಳಿಯಿತು. ಈಟನ್ ಮರುಮದುವೆಯಾದನು. ಆ ಎರಡನೆಯ ಹೆಂಡತಿಯು ಮೊದಲ ಗವರ್ನರ್ ಜಾನ್ ಕಾರ್ವರನ ಮಡದಿಯ ದಾಸಿಯಾಗಿ ಬಂದ ಹೆಣ್ಣುಮಗಳೆಂದು ವಿದ್ವಾಂಸರ ಅಭಿಪ್ರಾಯ. ಅವಳೂ ಬಹುಕಾಲ ಬದುಕಲಿಲ್ಲ. ಬ್ರಾಡ್‌ಫರ್ಡ್ ತನ್ನ ಪಟ್ಟಿಯಲ್ಲಿ ಆ ದಾಸಿಯ ಹೆಸರನ್ನು ಕೂಡ ಬರೆದಿಲ್ಲ. ಮದುವೆಯಾದಳು, ಒಂದೆರಡು ವರ್ಷಗಳಲ್ಲಿ ಸತ್ತಳು ಎಂಬಷ್ಟೇ ಆಕೆಯ ಚರಿತ್ರೆ. ಬರಹಗಾರನ ದೃಷ್ಟಿಗೆ ಯಾರು ಹೆಸರಿಗೆ ಯೋಗ್ಯರು, ಯಾರು ಅಲ್ಲ ಎಂಬುದೂ ದಾಖಲೆಯೇ ನಮಗೆ ತಿಳಿಸುವ ಒಂದು ಇತಿಹಾಸ. ಮೂರನೆಯವಳು ಕ್ರಿಶ್ಚಿಯನ್ ಪೆನ್. 1623ರಲ್ಲಿ ಆನ್ ಎಂಬ ಹಡಗಿನಲ್ಲಿ ಬಂದವಳು.

ಇದೇ ಸಂದರ್ಭದಲ್ಲಿ ಇನ್ನೊಂದು ಮೌನವನ್ನೂ ಗಮನಿಸಬೇಕು. ವಲಸೆಗಾರರು ಮನೆ ಕಟ್ಟಿದ ನೆಲ ಬರಿದಾಗಿ ಬಿದ್ದ ಕಾಡಲ್ಲ. ಅದು ವಾಂಪನೋಗ್ ಜನರ ಪಟಕ್ಸೆಟ್ ಎಂಬ ಊರು. 1616ರಿಂದ 1619ರವರೆಗೆ ಆ ತೀರದಲ್ಲಿ ಹಬ್ಬಿದ ಸಾಂಕ್ರಾಮಿಕದಿಂದ ಊರು ಹಾಳಾಗಿ, ಉತ್ತಿದ ಹೊಲಗಳು ಮಾತ್ರ ಉಳಿದಿದ್ದುವು. ಆ ಊರಿನವನೇ ಆದ ಟಿಸ್ಕ್ವಾಂಟಮ್ ಎಂಬವನು ಹೊಸಬರಿಗೆ ಜೋಳ ಬಿತ್ತುವ ಕ್ರಮವನ್ನು ಕಲಿಸಿದನು. ಆ ಊರಿನ ಮನೆಗಳನ್ನು ಕಟ್ಟಿದ ಕೈಗಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ವಲಸೆ ಬಂದ ಬಡಗಿಗೆ ಚರ್ಚಿನ ಪುಸ್ತಕವೂ ನ್ಯಾಯಸಭೆಯ ಕಡತವೂ ಇದ್ದುವು. ನೆಲದ ಮಕ್ಕಳಿಗೆ ಅವು ಇರಲಿಲ್ಲ.

ಈಟನ್‌ನ ಕಾಯಕದ ವಿಷಯಕ್ಕೆ ಬರೋಣ. ಹೊಸ ಊರಿನಲ್ಲಿ ಬಡಗಿಗೆ ಕೆಲಸದ ಅಭಾವವಿರಲಿಲ್ಲ. ಮೊದಲು ಎದ್ದದ್ದು ಇಪ್ಪತ್ತು ಅಡಿ ಚೌಕದ ಒಂದು ಸಾಮೂಹಿಕ ಮನೆ. ಅದರ ಹುಲ್ಲಿನ ಮಾಡಿಗೆ 1621ರ ಜನವರಿಯಲ್ಲಿಯೇ ಬೆಂಕಿ ಬಿತ್ತು. ಆ ವರ್ಷದ ಕೊನೆಗೆ ಫಾರ್ಚೂನ್ ಎಂಬ ಹಡಗು ಇಂಗ್ಲೆಂಡಿಗೆ ಮರಳುವಾಗ ವಸಾಹತಿನವರು ಅದರ ತುಂಬ ಸೀಳಿದ ಮರದ ಹಲಗೆಗಳನ್ನು ಹೇರಿ ಕಳಿಸಿದರು. ಸಾಲ ತೀರಿಸಲು ಅವರಿಗಿದ್ದ ಸರಕುಗಳೆಂದರೆ ಮರ ಮತ್ತು ಬೀವರ್ ಎಂಬ ಪ್ರಾಣಿಯ ತುಪ್ಪುಳದ ಚರ್ಮ. ದಾರಿಯಲ್ಲಿ ಫ್ರೆಂಚರು ಆ ಹಡಗನ್ನು ಹಿಡಿದು ಸರಕನ್ನು ದೋಚಿಕೊಂಡರು. ಕಾಡಿನ ಮರವನ್ನು ಹಲಗೆಯನ್ನಾಗಿ ಮಾಡಿದವರ ಬೆವರು ಹೀಗೆ ಸಮುದ್ರದ ಪಾಲಾಯಿತು.

ಬ್ರಾಡ್‌ಫರ್ಡನ ಗ್ರಂಥದಲ್ಲಿ 1626ರ ವೃತ್ತಾಂತದೊಡನೆ ಒಂದು ಪ್ರಸಂಗ ಬರುತ್ತದೆ. ದೋಣಿ ಕಟ್ಟುವ ಬಡಗಿಯು ತೀರಿಹೋಗಿದ್ದನು. ಆಗ ಮನೆ ಕಟ್ಟುವ ಬಡಗಿಯಾಗಿದ್ದ, ಚತುರನಾದ ಒಬ್ಬನು ದೊಡ್ಡ ದೋಣಿಯೊಂದನ್ನು ನಡುವೆ ಕೊಯ್ದು, ಐದಾರು ಅಡಿ ಉದ್ದ ಹೆಚ್ಚಿಸಿ, ಮೇಲೆ ಅಟ್ಟ ಹಾಸಿ ಪ್ರಯಾಣಕ್ಕೆ ಯೋಗ್ಯವಾಗುವಂತೆ ಮಾಡಿದನಂತೆ. ಇವನು ಈಟನ್ನನೇ ಆಗಿರಬಹುದೆ? ವೃತ್ತಿ ಹೊಂದುತ್ತದೆ, ಕಾಲ ಹೊಂದುತ್ತದೆ, ಊರು ಚಿಕ್ಕದು. ಆದರೂ ಬ್ರಾಡ್‌ಫರ್ಡ್ ಹೆಸರನ್ನು ಹೇಳಿಲ್ಲ. ಆಗಬಹುದು ಎಂಬುದಕ್ಕೂ ಆಗಿದೆ ಎಂಬುದಕ್ಕೂ ನಡುವಣ ಅಂತರವನ್ನು ಕಾಯುವುದೇ ಇತಿಹಾಸಕಾರನ ಶೀಲ. ಕೆಲಸವನ್ನು ಹೊಗಳಿ ಕೆಲಸಗಾರನ ಹೆಸರನ್ನು ಬಿಟ್ಟುದು ಆ ಕಾಲದ ಲೇಖನಿಯ ಗುಣ. ಆ ತೆರವನ್ನು ನಮ್ಮ ಅಭಿಮಾನದಿಂದ ತುಂಬಲಾಗದು.

ಹಂಚಿಕೆಯ ಪಟ್ಟಿಗಳು ಇದಕ್ಕಿಂತ ಖಚಿತವಾದ ನೆಲೆಯ ಮೇಲೆ ನಮ್ಮನ್ನು ನಿಲ್ಲಿಸುತ್ತವೆ. 1623ರಲ್ಲಿ ಭೂಮಿಯನ್ನು ಹಂಚಿದಾಗ ಈಟನ್‌ನಿಗೆ ನಾಲ್ಕು ಎಕರೆ ದೊರೆಯಿತು. 1627ರ ಮೇ 22ರಂದು ದನಗಳನ್ನು ಹಂಚಿಕೊಂಡರು. ಒಟ್ಟು ಹನ್ನೆರಡು ಪಾಲು, ಪಾಲೊಂದಕ್ಕೆ ಹದಿಮೂರು ಮಂದಿ. ಹಸುಗೂಸುಗಳ ಹೆಸರನ್ನೂ ಬಿಡದೆ ಬರೆದಿರುವುದರಿಂದ ಈ ಪಟ್ಟಿ ಊರಿನ ಜನಗಣತಿಯಂತೆಯೇ ಇದೆ. ಹತ್ತನೆಯ ಪಾಲಿನಲ್ಲಿ ಫ್ರಾನ್ಸಿಸ್, ಕ್ರಿಶ್ಚಿಯನ್, ಸ್ಯಾಮ್ಯುಯೆಲ್ ಮತ್ತು ರೇಚೆಲ್ ಎಂಬ ನಾಲ್ವರು ಈಟನ್ನರಿದ್ದಾರೆ. ಆ ಪಾಲಿಗೆ ಬಂದದ್ದು ಬಿಳಿಹೊಟ್ಟೆಯ ಒಂದು ಕಡಸು ಮತ್ತು ಎರಡು ಹೆಣ್ಣು ಮೇಕೆಗಳು. ಹದಿಮೂರು ಮಂದಿಗೆ ಇಷ್ಟು! ಈ ಒಂದು ದಾಖಲೆಯಿಂದ ಈಟನ್‌ನ ಮೂರನೆಯ ಮದುವೆ ಆ ವೇಳೆಗೆ ಆಗಿತ್ತೆಂಬುದೂ, ಮಗಳು ರೇಚೆಲ್ ಹುಟ್ಟಿದ್ದಳೆಂಬುದೂ, ಮಗ ಬೆಂಜಮಿನ್ ಇನ್ನೂ ಹುಟ್ಟಿರಲಿಲ್ಲವೆಂಬುದೂ ವಿದಿತವಾಗುತ್ತವೆ. ದನದ ಲೆಕ್ಕ ಬರೆದವನಿಗೆ ತಾನು ವಂಶಾವಳಿಯನ್ನು ಬರೆಯುತ್ತಿದ್ದೇನೆಂಬ ಅರಿವಿರಲಿಲ್ಲ.

ಮೇಲೆ ಸೂಚಿಸಿದ ಸೇತುವೆಯ ದಾಖಲೆ 1626ರದು. ಬ್ರಿಸ್ಟಲ್ ನಗರದ ಶಿಷ್ಯವೃತ್ತಿಯ ಪುಸ್ತಕದಲ್ಲಿ ಹುಡುಗನೊಬ್ಬನನ್ನು ನ್ಯೂ ಇಂಗ್ಲೆಂಡಿನ ಬಡಗಿ ಫ್ರಾನ್ಸಿಸ್ ಈಟನ್ ಮತ್ತು ಅವನ ಹೆಂಡತಿ ಕ್ರಿಶ್ಚಿಯನ್ ಇವರ ಬಳಿ ಏಳು ವರ್ಷಗಳ ಕಾಲ ಶಿಷ್ಯನನ್ನಾಗಿ ಬಿಟ್ಟುದು ದಾಖಲಾಗಿದೆ. ಅವಧಿ ಮುಗಿದ ಮೇಲೆ ಶಿಷ್ಯನಿಗೆ ನ್ಯೂ ಇಂಗ್ಲೆಂಡಿನಲ್ಲಿ 25 ಎಕರೆ ಭೂಮಿಯನ್ನೂ 15 ಬುಷೆಲ್ ಗೋಧಿಯನ್ನೂ ಕೊಡತಕ್ಕದ್ದೆಂದು ಕರಾರು. ಗಂಡಹೆಂಡಿರಿಬ್ಬರ ಹೆಸರೂ ವೃತ್ತಿಯೂ ವಲಸೆ ಹೋದ ನಾಡೂ ಒಂದೆಡೆ ಕೂಡಿರುವುದರಿಂದ ಇವನು ಪ್ಲಿಮತ್ತಿನ ಈಟನ್ನನೇ ಎಂಬುದರಲ್ಲಿ ಸಂದೇಹವಿಲ್ಲ. ಬ್ರಿಸ್ಟಲ್ಲಿನೊಡನೆ ಅವನಿಗಿದ್ದ ನಂಟು ಇದರಿಂದ ಸ್ಥಿರಪಡುತ್ತದೆ. ಇಷ್ಟೇ ಅಲ್ಲದೆ, ಆ ಬಡಗಿಯ ಮನಸ್ಸಿನೊಳಗಿನ ಭರವಸೆಯನ್ನು ನಾವು ಕಾಣುವುದು ಈ ಒಂದು ಬರಹದಲ್ಲಿ ಮಾತ್ರ. ಕೈಯಲ್ಲಿದ್ದುದು ನಾಲ್ಕು ಎಕರೆ, ಶಿಷ್ಯನಿಗೆ ಮಾತು ಕೊಟ್ಟದ್ದು ಇಪ್ಪತ್ತೈದು ಎಕರೆ. 1628ರ ಆರಂಭದಲ್ಲಿ ಪಾಲೊಂದಕ್ಕೆ 20 ಎಕರೆಯಂತೆ ಮತ್ತೊಂದು ಹಂಚಿಕೆ ನಡೆದುದನ್ನು ನೆನೆದರೆ ಅವನ ಮಾತು ಕೇವಲ ಬಡಾಯಿಯಾಗಿರಲಿಲ್ಲವೆಂದು ತಿಳಿಯುತ್ತದೆ. ಹೊಸ ನಾಡಿನಲ್ಲಿ ನೆಲ ದೊರೆಯುವುದೆಂಬ ನಂಬಿಕೆಯ ಮೇಲೆಯೇ ಎಲ್ಲರ ಬದುಕೂ ನಿಂತಿತ್ತು.

ಆದರೆ ಆ ಬದುಕು ಸಾಲದ ಮೇಲೆಯೂ ನಿಂತಿತ್ತು. ವಸಾಹತಿಗೆ ಹಣ ಹೂಡಿದ್ದ ಲಂಡನ್ನಿನ ವರ್ತಕರ ಹಕ್ಕನ್ನು ಬಿಡಿಸಿಕೊಳ್ಳಲು 1800 ಪೌಂಡುಗಳನ್ನು ವರ್ಷಕ್ಕೆ 200ರಂತೆ ತೆರಬೇಕೆಂದು ಒಪ್ಪಂದವಾಗಿತ್ತು. ಊರಿಗೆ ಊರೇ ಋಣಿಯಾಗಿದ್ದಾಗ ಬಡಗಿಯೊಬ್ಬನು ಹೊರತಾಗುವುದು ಹೇಗೆ? 1631ರಲ್ಲಿ ಈಟನ್ ತನ್ನ ನಾಲ್ಕು ಎಕರೆಯನ್ನು ಎಡ್ವರ್ಡ್ ವಿನ್ಸ್ಲೋನಿಗೆ ಮಾರಿದನು. ಮುಂದೆ ತನ್ನ ವಾಸದ ಮನೆಯನ್ನೂ ಅದೇ ಮನೆತನದ ಕೆನೆಲ್ಮ್ ಮತ್ತು ಜೊಸಾಯಸ್ ವಿನ್ಸ್ಲೋ ಸಹೋದರರಿಗೆ ಕೊಟ್ಟನು. ಕೆನೆಲ್ಮ್ ಸ್ವತಃ ಮರಗೆಲಸದವನು. ಇತರರಿಗೆ ಮನೆ ಕಟ್ಟಿಕೊಡುವವನು ತನ್ನ ಮನೆಯನ್ನು ಇನ್ನೊಬ್ಬ ಮರಗೆಲಸದವನಿಗೆ ಮಾರಬೇಕಾಗಿ ಬಂದುದನ್ನು ಕ್ರಯಪತ್ರ ಯಾವ ಭಾವವೂ ಇಲ್ಲದೆ ಹೇಳಿ ಮುಗಿಸುತ್ತದೆ.

1633ರಲ್ಲಿ ಪ್ಲಿಮತ್ತಿನಲ್ಲಿ ಅಂಟುಜ್ವರ ಹರಡಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಊರಿನ ವೈದ್ಯ ಸ್ಯಾಮ್ಯುಯೆಲ್ ಫುಲ್ಲರನೂ ಅವರಲ್ಲಿ ಒಬ್ಬ. ಈಟನ್ ಮಡಿದದ್ದೂ ಆ ಶರತ್ಕಾಲದಲ್ಲಿಯೇ. ಆಗ ಅವನಿಗೆ ಮೂವತ್ತೇಳು ವರ್ಷ. ನವೆಂಬರ್ 8ರಂದು ಅವನ ಆಸ್ತಿಯ ಪಟ್ಟಿಯನ್ನು ಮಾಡಿದರು. ಒಂದು ಹಸು ಮತ್ತು ಕರು, ಎರಡು ಹಂದಿಗಳು, 50 ಬುಷೆಲ್ ಜೋಳ, ಒಂದು ಕಪ್ಪು ಉಡುಪು, ಬಿಳಿಯದೊಂದು ಕರಿಯದೊಂದು ಟೋಪಿ, ಬೂಟುಗಳು, ಅಡಿಗೆಯ ಕೆಲವು ಪಾತ್ರೆಗಳು, ಮೀನುಬಲೆಗೆ ಬೇಕಾದ ಸೀಸ. ಬಳಿಕ ಗರಗಸಗಳು, ಸುತ್ತಿಗೆಗಳು, ಬಾಚಿ, ಮೂಲೆಮಟ್ಟ, ಬೈರಿಗೆಗಳು, ಉಳಿ ಮತ್ತು ಹಲಗೆಗಳು. ಭೂಮಿಯೂ ಮನೆಯೂ ಕೈಬಿಟ್ಟರೂ ಬಾಚಿ ಬೈರಿಗೆಗಳನ್ನು ಅವನು ಕೊನೆಯವರೆಗೂ ಮಾರಿರಲಿಲ್ಲ. ಸಾಲಗಾರನಾದ ಕೆಲಸಗಾರನು ಎಲ್ಲವನ್ನೂ ಕಳೆದುಕೊಂಡ ಮೇಲೂ ಉಪಕರಣಗಳನ್ನು ಉಳಿಸಿಕೊಂಡರೆ ನಾಳೆಯ ದುಡಿಮೆಯನ್ನು ಉಳಿಸಿಕೊಂಡಂತೆ. ಈಟನ್‌ನ ವಿಷಯದಲ್ಲಿ ಆ ನಾಳೆ ಬರಲಿಲ್ಲ.

ನವೆಂಬರ್ 25ರಂದು ಸೇರಿದ ನ್ಯಾಯಸಭೆಯ ನಡಾವಳಿ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮಹತ್ತ್ವದ ಬರಹವೆಂದು ನನ್ನ ಅಭಿಪ್ರಾಯ. ಬಡಗಿ ಈಟನ್‌ನ ಸಾಲ ಅವನ ಆಸ್ತಿಗಿಂತ ಬಹಳ ಮಿಗಿಲಾಗಿತ್ತು. ಆಸ್ತಿಯ ಆಡಳಿತವನ್ನು ವಹಿಸಿಕೊಳ್ಳಲು ಹೆಂಡತಿ ಕ್ರಿಶ್ಚಿಯನ್ ಧೈರ್ಯ ಮಾಡಲಿಲ್ಲ; ವಹಿಸಿಕೊಂಡಿದ್ದರೆ ಸಾಲದ ಹೊರೆಯೂ ಅವಳ ತಲೆಯ ಮೇಲೆ ಬೀಳುವ ಭಯವಿತ್ತು. ಆಗ ಸಭೆಯು ಥಾಮಸ್ ಪ್ರೆನ್ಸ್ ಮತ್ತು ಜಾನ್ ಡೋನ್ ಎಂಬಿಬ್ಬರನ್ನು ನೇಮಿಸಿ, ಇರುವ ಆಸ್ತಿಯಿಂದ ತೀರಿದಷ್ಟನ್ನು ಸಾಲಿಗರಿಗೆ ತೀರಿಸಿ, ಉಳಿದ ಸಾಲಕ್ಕೆ ವಿಧವೆಯನ್ನು ಯಾರೂ ಪೀಡಿಸಕೂಡದೆಂದು ವಿಧಿಸಿತು. ಹದಿಮೂರು ವರ್ಷಗಳ ಹಿಂದೆ ಹಡಗಿನಲ್ಲಿ ಸಮಾನ ನ್ಯಾಯಕ್ಕೆಂದು ಮಾಡಿದ ಒಡಂಬಡಿಕೆ ಬರಿಯ ಮಾತೋ ನಿಜವೋ ಎಂಬುದು ಪರೀಕ್ಷೆಗೆ ಒಳಗಾದದ್ದು ಇಂತಹ ಸಣ್ಣ ಪ್ರಕರಣದಲ್ಲಿ. ಸಹಿ ಮಾಡಿದವನು ಸತ್ತಿದ್ದನು. ಅದರ ರಕ್ಷಣೆ ದೊರೆತದ್ದು ಸಹಿ ಮಾಡುವ ಹಕ್ಕೇ ಇಲ್ಲದಿದ್ದ ಅವನ ಹೆಂಡತಿಗೆ.

1634ರ ಜುಲೈಯಲ್ಲಿ ಕ್ರಿಶ್ಚಿಯನ್ ಫ್ರಾನ್ಸಿಸ್ ಬಿಲಿಂಗ್ಟನ್ ಎಂಬವನನ್ನು ಮದುವೆಯಾದಳು. ಇವನ ತಂದೆ ಜಾನ್ ಬಿಲಿಂಗ್ಟನ್ 1630ರಲ್ಲಿ ಕೊಲೆಯ ಅಪರಾಧಕ್ಕಾಗಿ ಗಲ್ಲಿಗೇರಿದವನು. ಬಡತನ ಮನೆಯನ್ನು ಬಿಡಲಿಲ್ಲವೆಂಬುದಕ್ಕೆ ಮಕ್ಕಳ ಕರಾರುಪತ್ರಗಳೇ ಸಾಕ್ಷಿ. ಬೆಂಜಮಿನ್‌ನನ್ನು 1636ರ ಫೆಬ್ರವರಿ 11ರಂದು ಬ್ರಿಜೆಟ್ ಫುಲ್ಲರ್ ಎಂಬ ವಿಧವೆಯ ಬಳಿ 14 ವರ್ಷಗಳಿಗೆ ಬಿಟ್ಟರು. ಹೊಸ ವರ್ಷ ಮಾರ್ಚ್ 25ಕ್ಕೆ ಮೊದಲಾಗುತ್ತಿದ್ದ ಆ ಕಾಲದ ಲೆಕ್ಕದಲ್ಲಿ ಅದು 1635. ಇದನ್ನು ಮರೆತವರು ವಂಶಾವಳಿಗಳಲ್ಲಿ ಒಂದು ವರ್ಷ ತಪ್ಪುತ್ತಾರೆ. ಬ್ರಿಜೆಟ್ ಅದೇ ಜ್ವರದಲ್ಲಿ ಮಡಿದ ವೈದ್ಯ ಫುಲ್ಲರನ ಹೆಂಡತಿ. ಒಂದೇ ರೋಗ ಒಬ್ಬ ಹುಡುಗನ ತಂದೆಯನ್ನೂ ಅವನನ್ನು ಸಾಕಲಿದ್ದವಳ ಗಂಡನನ್ನೂ ಒಯ್ದಿತ್ತು. ಆ ಕರಾರಿನಲ್ಲಿ ಹುಡುಗನನ್ನು ಎರಡು ವರ್ಷ ಶಾಲೆಯಲ್ಲಿ ಇರಿಸಬೇಕೆಂಬ ಷರತ್ತು ಉಂಟು. ದುಡಿಮೆಗೆ ಬಿಟ್ಟ ಕೂಸಿಗೆ ಎರಡು ವರ್ಷದ ಅಕ್ಷರವನ್ನು ಕರಾರಿನಲ್ಲಿ ಕೇಳಿ ಪಡೆದ ಈ ಮಾತನ್ನು, ಬಾಳಿನ ಬಹುಭಾಗವನ್ನು ಶಾಲೆಯ ಕೋಣೆಯಲ್ಲಿ ಕಳೆದ ನಾನು ಗೌರವದಿಂದಲ್ಲದೆ ಓದಲಾರೆ. ಅದೇ ವರ್ಷ ಸ್ಯಾಮ್ಯುಯೆಲ್ಲನೂ ಕಿರಿಯ ಜಾನ್ ಕುಕ್ಕನ ಬಳಿ ಏಳು ವರ್ಷಗಳ ಶಿಷ್ಯನಾದನು. ಹಡಗಿನಲ್ಲಿ ತಾಯಿಯ ತೊಡೆಯ ಮೇಲೆ ಬಂದ ಆ ಕೂಸು ಬಾಳಿ ಬದುಕಿ 1684ರಲ್ಲಿ ಮಿಡ್ಲ್‌ಬರೋ ಎಂಬ ಊರಿನಲ್ಲಿ ತೀರಿಕೊಂಡಿತು. ಇಂದಿನ ವಂಶಜರು ತಮ್ಮ ಬಳ್ಳಿಯನ್ನು ಹಿಡಿದು ಸಾಗುವುದು ಸ್ಯಾಮ್ಯುಯೆಲ್, ರೇಚೆಲ್, ಬೆಂಜಮಿನ್ ಈ ಮೂವರ ಮೂಲಕ. ನಾಲ್ಕನೆಯ ಕೂಸೊಂದಿತ್ತು, ಬುದ್ಧಿ ಬೆಳೆಯದ ಆ ಮಗುವನ್ನು ಬ್ರಾಡ್‌ಫರ್ಡ್ ಉಲ್ಲೇಖಿಸಿದ್ದಾನೆ, ಹೆಸರಿಸಿಲ್ಲ.

ಬ್ರಾಡ್‌ಫರ್ಡ್ ಈ ಸಂಗತಿಗಳನ್ನು ಬರೆದದ್ದು 1651ರಲ್ಲಿ. ಈಟನ್ ಸತ್ತು ಸುಮಾರು ಹದಿನಾರು ವರ್ಷಗಳಾದುವೆಂದು ಅವನು ಹೇಳುತ್ತಾನೆ. ಆ ಲೆಕ್ಕದಿಂದ ಮರಣಕಾಲ 1635 ಆಗುತ್ತದೆ. ನ್ಯಾಯಸಭೆಯ ದಿನಾಂಕವಿರುವ ಬರಹ ಅದು 1633 ಎಂದು ಖಚಿತಪಡಿಸುತ್ತದೆ. ಕಣ್ಣಾರೆ ಕಂಡ ಗವರ್ನರನ ನೆನಪಿಗಿಂತ ಆ ದಿನವೇ ಬರೆದ ಗುಮಾಸ್ತನ ಒಂದು ಸಾಲು ಹೆಚ್ಚು ಪ್ರಮಾಣ. ಆದರೆ ಮೂರು ಮದುವೆಗಳ ವೃತ್ತಾಂತವನ್ನು ತಿಳಿಸಬಲ್ಲವನು ಬ್ರಾಡ್‌ಫರ್ಡನೇ ಹೊರತು ಗುಮಾಸ್ತನಲ್ಲ. ಒಂದನ್ನು ಇನ್ನೊಂದರಿಂದ ತಿದ್ದಿಕೊಂಡು, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಂಡು ಸಾಗುವುದೇ ಶೋಧನೆಯ ಮಾರ್ಗ.

ಈ ಬರಹಗಳು ಉಳಿದು ಬಂದ ಕಥೆಯೂ ಸ್ವಾರಸ್ಯವಾದುದು. ಬ್ರಾಡ್‌ಫರ್ಡನ ಹಸ್ತಪ್ರತಿ ಅಮೆರಿಕೆಯ ಸ್ವಾತಂತ್ರ್ಯಸಮರದ ಕಾಲದಲ್ಲಿ ಬಾಸ್ಟನ್ನಿನಿಂದ ಕಾಣೆಯಾಯಿತು. 1855ರಲ್ಲಿ ಅದು ಲಂಡನ್ನಿನ ಬಿಷಪ್ಪನ ಫುಲ್ಹಾಮ್ ಅರಮನೆಯ ಗ್ರಂಥಭಂಡಾರದಲ್ಲಿರುವುದು ಗೊತ್ತಾಗಿ, ಮರುವರ್ಷ ಅಚ್ಚಾಯಿತು. ಮೂಲಪ್ರತಿಯು ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಮರಳಿದ್ದು 1897ರಲ್ಲಿ. ವಸಾಹತಿನ ನಡಾವಳಿಗಳೂ ಹಂಚಿಕೆಯ ಪಟ್ಟಿಗಳೂ 1855ರಿಂದ 1861ರವರೆಗೆ ಹನ್ನೆರಡು ಸಂಪುಟಗಳಲ್ಲಿ ಮುದ್ರಣಗೊಂಡುವು. ಆಸ್ತಿಯ ಪಟ್ಟಿಗಳು 1899ರಿಂದ ಒಂದು ನಿಯತಕಾಲಿಕದಲ್ಲಿ ಬೆಳಕು ಕಂಡುವು. ಇದರಿಂದ ಎರಡು ಶತಮಾನಗಳಿಗೂ ಹೆಚ್ಚು ಕಾಲ ಒಡಂಬಡಿಕೆಯಲ್ಲಿನ ಬರಿಯ ಹೆಸರಾಗಿ ಉಳಿದಿದ್ದವನು ಮೂರು ಮದುವೆ, ನಾಲ್ಕು ಮಕ್ಕಳು, ನಾಲ್ಕು ಎಕರೆ ನೆಲ ಮತ್ತು ತೀರದ ಸಾಲವುಳ್ಳ ಮನುಷ್ಯನಾಗಿ ಕಾಣಿಸಿಕೊಂಡನು.

ಹೀಗೆ ಕಾಣಿಸಿಕೊಂಡ ಈಟನ್ ವಂಶಜರು ಬಯಸುವಂತಹ ವೀರನಲ್ಲ. ಅವನು ಋಣದಲ್ಲಿ ಸತ್ತ ಕೆಲಸಗಾರ. ಆದರೆ ಅವನನ್ನು ವೀರನನ್ನಾಗಿ ಮಾಡಹೊರಟಿದ್ದರೆ ಶಿಷ್ಯನಿಗೆ ಕೊಟ್ಟ ಭರವಸೆ, ಮಾರದೆ ಉಳಿಸಿಕೊಂಡ ಬಾಚಿ, ವಿಧವೆಗೆ ದೊರೆತ ನ್ಯಾಯ, ಮಗನಿಗೆ ಎರಡು ವರ್ಷದ ವಿದ್ಯೆ ಇವೆಲ್ಲ ಮರೆಯಾಗಿ ಹೋಗುತ್ತಿದ್ದುವು. ಕಲ್ಪಿತವಾದ ಕೀರ್ತಿ ಪೂರ್ವಿಕನನ್ನು ನಮ್ಮಿಂದ ದೂರ ಮಾಡುತ್ತದೆ, ದಾಖಲಾದ ಕಷ್ಟ ಹತ್ತಿರ ತರುತ್ತದೆ. ಮನೆಯ ಅಟ್ಟದ ಮೇಲೆ ಹಳೆಯ ಕ್ರಯಪತ್ರ, ಸಾಲಪತ್ರ, ಕಂದಾಯದ ರಸೀತಿಗಳ ಕಟ್ಟನ್ನು ಇರಿಸಿಕೊಂಡಿರುವವರು ಅವುಗಳಲ್ಲಿ ಬಿರುದಾವಳಿಯಿಲ್ಲವೆಂದು ಕಡೆಗಣಿಸದೆ, ಹುಳು ತಿನ್ನುವ ಮೊದಲೇ ತೆಗೆದು, ತೇದಿಯ ಕ್ರಮದಲ್ಲಿ ಜೋಡಿಸಿ ಓದತಕ್ಕದ್ದು. ದುಡಿದು ಬದುಕಿದವರ ಇತಿಹಾಸ ಉಳಿದಿರುವುದು ಬಹುಮಟ್ಟಿಗೆ ಅಂತಹ ಕಟ್ಟುಗಳಲ್ಲಿಯೇ.